ಕಂಟ್ರೋಲ್ ಗುಂಪು

ನನ್ನ ಹೆಸರು ಅದುವರೆಗೆ ಅಚ್ಚಾಗಿದ್ದುದು ಎರಡೇ ಸಲ. ಪದವಿ ಪ್ರಮಾಣಪತ್ರದಲ್ಲಿ ಒಮ್ಮೆ, ಮದುವೆಯ ಆಹ್ವಾನಪತ್ರಿಕೆಯಲ್ಲಿ ಒಮ್ಮೆ. ಎರಡನೆಯದರಲ್ಲಿ ಒಂದು ಅಕ್ಷರ ತಪ್ಪಾಗಿತ್ತು. ಅದನ್ನು ಬೇರೆ ಯಾರೂ ಗಮನಿಸಲಿಲ್ಲ. ನಾನು ಮಾತ್ರ ಮದುವೆಯ ದಿನವಿಡೀ ಅದನ್ನೇ ಯೋಚಿಸುತ್ತಿದ್ದೆ. ಮೂರನೆಯ ಸಲ ನನ್ನ ಹೆಸರು ಕೋಳಿ ಔಷಧದ ಬಾಟಲಿಯ ಮೇಲೆ ಬರಲಿದೆ ಎಂದು ಭಾವ ಊಟದ ಮೇಜಿನಲ್ಲಿ ಘೋಷಿಸಿದರು.

"ಕೋಳಿ ಔಷಧಕ್ಕೆ ನನ್ನ ಹೆಸರು ಯಾಕೆ ಭಾವ?" ಎಂದೆ.

"ಔಷಧ ಅನ್ನಬೇಡಮ್ಮ. ಔಷಧ ಅಂದ್ರೆ ಲೈಸೆನ್ಸ್ ಕೇಳ್ತಾರೆ. ಇದು ಗಿಡಮೂಲಿಕೆ ಸಾರ, ಬೆಳವಣಿಗೆಯ ಗೆಳೆಯ. ಮನೇಲಿ ಸಸ್ಯಶಾಸ್ತ್ರ ಓದಿದವಳು ನೀನೊಬ್ಬಳೇ. 'ಸಂಶೋಧನೆ ಮತ್ತು ಪರಿಶೀಲನೆ' ಅಂತ ಹಾಕಿ ಕೆಳಗೆ ನಿನ್ನ ಹೆಸರು, ಮುಂದೆ ಡಿಗ್ರಿ. ಜನ ನಂಬ್ತಾರೆ."

ನನ್ನ ಗಂಡನ ಅಣ್ಣನಿಗೆ ಜನ ನಂಬುವುದು ಬಹಳ ಮುಖ್ಯ. ಹಿಂದೆ ಅವರು ನೀರು ಶುದ್ಧ ಮಾಡುವ ಯಂತ್ರವೊಂದನ್ನು ಮಾರುತ್ತಿದ್ದರು. ಅದರೊಳಗೆ ತಿಳಿಯಾಗಿ ಹೋದ ನೀರು ಹಳದಿಯಾಗಿ ಹೊರಬರುತ್ತಿತ್ತು, ಆ ಹಳದಿಯೇ ಖನಿಜಾಂಶ ಎಂದು ಅವರು ವಿವರಿಸುತ್ತಿದ್ದರು. ಆ ಕಾಲದಿಂದಲೂ ಅವರ ಕಾರ್ಡಿನಲ್ಲಿ ಹೆಸರಿನ ಮುಂದೆ 'ಎಂ.ಡಿ.' ಎಂದಿದೆ. ಕಂಪನಿಯ ಮುಖ್ಯಸ್ಥ ಎಂಬುದು ಅದರ ಅರ್ಥ. ಪಕ್ಕದ ಮನೆಯಾಕೆ ಡಾಕ್ಟರು ಎಂದು ತಿಳಿದು ಮಂಡಿನೋವು ತೋರಿಸಿಕೊಳ್ಳಲು ಬಂದಿದ್ದಳಂತೆ.

"ಇವನು ನಾನು ಡಾಕ್ಟರಲ್ಲ ಅಂತ ಹೇಳಲಿಲ್ಲ ಕಣೇ," ಎಂದು ಅತ್ತೆ ಆಗಾಗ ನೆನಪಿಸುತ್ತಾರೆ. "ಮಂಡಿ ಮುಟ್ಟಿ ನೋಡಿ, ಮೆಟ್ಟಿಲು ಹತ್ತಬೇಡಿ ಅಂದು ಕಳಿಸಿದ."

ಗಿಡಮೂಲಿಕೆಯ ಸಾರ ಅತ್ತೆಯದು. ಹಿತ್ತಲಲ್ಲಿ ನಾಲ್ಕೈದು ಕೋಳಿ ಸಾಕಿಕೊಂಡಿದ್ದ ಕಾಲದಲ್ಲಿ, ಅವು ತೂಕಡಿಸಿದಾಗ ಬೆಳ್ಳುಳ್ಳಿ, ಶುಂಠಿ, ಅರಿಶಿನ, ನುಗ್ಗೆಸೊಪ್ಪು, ಒಂದು ಹಿಡಿ ಓಮ ಹಾಕಿ ಕುದಿಸಿ, ನೀರಿಗೆ ಬೆರೆಸಿ ಕುಡಿಸುತ್ತಿದ್ದರು. ಕೆಲವು ಚೇತರಿಸಿಕೊಳ್ಳುತ್ತಿದ್ದವು, ಕೆಲವು ಸಾಯುತ್ತಿದ್ದವು. ಬ್ರಾಯ್ಲರ್ ಕೋಳಿ ಬೇಗ ಬೆಳೆಯಲೆಂದು ಮೇವಿನಲ್ಲಿ ಆ್ಯಂಟಿಬಯಾಟಿಕ್ ಬೆರೆಸುವುದಕ್ಕೆ ಈಗ ಜನ ಹೆದರುತ್ತಾರೆ, ಅದರ ಜಾಗದಲ್ಲಿ ಗಿಡದ ಸಾರ ಹಾಕುವ ಕಾಲ ಬಂದಿದೆ ಎಂದು ಭಾವ ಯಾವುದೋ ಸಭೆಯಲ್ಲಿ ಕೇಳಿಸಿಕೊಂಡು ಬಂದರು. ಮಾರನೆಯ ದಿನವೇ ಅತ್ತೆಯ ಪಾತ್ರೆಯ ಜಾಗಕ್ಕೆ ಇನ್ನೂರು ಲೀಟರಿನ ಡ್ರಮ್ ಬಂತು. ಕಾರು ನಿಲ್ಲಿಸುತ್ತಿದ್ದ ಕೋಣೆಗೆ 'ಪ್ರಯೋಗಾಲಯ' ಎಂಬ ಹೆಸರು ಬಂತು. ದ್ರವಕ್ಕೆ 'ಗರಿಬಲ' ಎಂದು ನಾಮಕರಣವಾಯಿತು. ನನ್ನ ಗಂಡನ ಪಾಲಿಗೆ ಬಾಟಲಿಯ ಮುಚ್ಚಳ ತಿರುಗಿಸುವ ಕೆಲಸ ಬಂತು. ಯಾವ ವಿಷಯದಲ್ಲೂ ಯಾರ ಪರವೂ ಮಾತಾಡದ ಅವರ ಸ್ವಭಾವಕ್ಕೆ ಅದು ಚೆನ್ನಾಗಿ ಒಗ್ಗಿತು.

ನಾನು ಒಂದು ಷರತ್ತು ಹಾಕಿದೆ. ಪರೀಕ್ಷೆ ಮಾಡದೆ ನನ್ನ ಹೆಸರು ಹಾಕಬಾರದು. ಒಂದೇ ದಿನ ಹುಟ್ಟಿದ ನೂರಿಪ್ಪತ್ತು ಮರಿ ತರಬೇಕು. ಅರವತ್ತಕ್ಕೆ ಕುಡಿಯುವ ನೀರಿನಲ್ಲಿ ಸಾರ, ಅರವತ್ತಕ್ಕೆ ಬರೀ ನೀರು. ಉಳಿದದ್ದೆಲ್ಲ, ಮೇವು, ಗಾಳಿ, ಬೆಳಕು, ನೆಲಕ್ಕೆ ಹಾಸುವ ಹೊಟ್ಟು, ಎರಡಕ್ಕೂ ಒಂದೇ. ಆರು ವಾರದಲ್ಲಿ ವ್ಯತ್ಯಾಸ ಕಂಡರೆ ಹೆಸರು ಹಾಕಬಹುದು. ಕಾಣದಿದ್ದರೆ ಇಲ್ಲ.

"ಕಾಣದೆ ಏನು?" ಎಂದರು ಭಾವ. "ಬೇಕಾದ್ರೆ ಲೇಬಲ್ ಈಗಲೇ ಪ್ರಿಂಟ್ ಮಾಡಿಸ್ತೀನಿ."

ಮಾಡಿಸಿಯೂ ಬಿಟ್ಟರು. ಐನೂರು. ನನ್ನ ಹೆಸರಿನಲ್ಲಿ ಈ ಸಲ ಅಕ್ಷರ ತಪ್ಪಿರಲಿಲ್ಲ. ಅದು ನನ್ನನ್ನು ಇನ್ನಷ್ಟು ಹೆದರಿಸಿತು.

ಊರಂಚಿನ ಶೆಡ್ಡನ್ನು ಮಧ್ಯಕ್ಕೆ ಬಲೆ ಕಟ್ಟಿ ಎರಡು ಭಾಗ ಮಾಡಿದೆವು. ನೋಡಿಕೊಳ್ಳಲು ಒಬ್ಬ ಹೆಂಗಸು ಬಂದಳು. ಐವತ್ತರ ಆಸುಪಾಸು, ಗಟ್ಟಿ ಮೈ, ಹೇಳಿದ ಮಾತನ್ನು ಎರಡನೆಯ ಸಲ ಹೇಳಿಸಿಕೊಳ್ಳದವಳು. ಅವಳನ್ನು ಎಲ್ಲರೂ ಶೆಡ್ಡಕ್ಕ ಎನ್ನುತ್ತಿದ್ದರು. ಮೊದಲ ವಾರ ಮರಿಗಳೆಲ್ಲ ಬಲ್ಬಿನ ಶಾಖದಲ್ಲಿ ಒಟ್ಟಿಗೇ ಇದ್ದವು. ಎಂಟನೆಯ ದಿನ ಅವನ್ನು ಬೇರೆ ಮಾಡಿ ಎರಡೂ ಕಡೆ ಬೋರ್ಡ್ ತೂಗುಹಾಕಬೇಕಾಯಿತು. ಬಲಗಡೆಗೆ 'ಗರಿಬಲ ಗುಂಪು' ಎಂದು ಬರೆದೆ. ಎಡಗಡೆಗೆ ಏನು ಬರೆಯಬೇಕೆಂದು ಅರ್ಧ ಗಂಟೆ ಯೋಚಿಸಿದೆ. ಪುಸ್ತಕದಲ್ಲಿ 'ನಿಯಂತ್ರಿತ ಗುಂಪು' ಎಂದಿರುತ್ತದೆ. ಶೆಡ್ಡಕ್ಕನಿಗೆ ಅದು ಹೊಸದಾಗಬಹುದು. 'ಹೋಲಿಕೆಯ ಗುಂಪು' ಎಂದರೆ ಯಾವುದರ ಹೋಲಿಕೆ ಎಂದು ಭಾವನೇ ಕೇಳುತ್ತಾರೆ. ಕೊನೆಗೆ, ಎಲ್ಲರಿಗೂ ಅರ್ಥವಾಗಲಿ ಎಂದು, ದಪ್ಪ ಅಕ್ಷರದಲ್ಲಿ 'ಕಂಟ್ರೋಲ್ ಗುಂಪು' ಎಂದು ಬರೆದೆ.

ಶೆಡ್ಡಕ್ಕ ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದಿದಳು. "ಈ ಕಡೆಯವು ಕಂಟ್ರೋಲಾ ಮೇಡಂ?"

"ಹೌದಕ್ಕ. ಈ ಕಡೆಯವು ಕಂಟ್ರೋಲ್. ಇದು ತುಂಬಾ ಮುಖ್ಯ, ಇದರಲ್ಲಿ ತಪ್ಪಬಾರದು."

"ತಪ್ಪಲ್ಲ ಬಿಡಿ," ಎಂದಳು.

ವಾರಕ್ಕೊಮ್ಮೆ ತೂಕ. ಕೋಳಿಗಳನ್ನು ಒಂದೊಂದಾಗಿ ಹಿಡಿದು ಬಕೆಟ್ಟಿನಲ್ಲಿ ಕೂರಿಸಿ ತಕ್ಕಡಿಗೆ ಇಡುವುದು ಶೆಡ್ಡಕ್ಕನ ಕೆಲಸ, ಬರೆದುಕೊಳ್ಳುವುದು ನನ್ನದು, ಮೊಬೈಲಿನಲ್ಲಿ ಚಿತ್ರ ತೆಗೆಯುವುದು ಭಾವನದು. ಹದಿನಾಲ್ಕನೆಯ ದಿನ ಗರಿಬಲದವು ಸರಾಸರಿ ನಲವತ್ತು ಗ್ರಾಂ ಮುಂದಿದ್ದವು. ಇಪ್ಪತ್ತೊಂದನೆಯ ದಿನ ನೂರ ಎಂಬತ್ತು. ಮೂವತ್ತೈದನೆಯ ದಿನಕ್ಕೆ ಅರ್ಧ ಕಿಲೋಗೆ ಇಪ್ಪತ್ತೇ ಗ್ರಾಂ ಕಡಿಮೆ.

ಭಾವ ತಕ್ಕಡಿಯ ಮುಂದೆ ನಿಂತು ಕಣ್ಣೊರೆಸಿಕೊಂಡರು. ಕಣ್ಣೀರಿಗೆ ಶೆಡ್ಡಿನ ವಾಸನೆಯೂ ಕಾರಣವಿರಬಹುದು.

"ನೋಡಮ್ಮ, ನೋಡು. ಅಮ್ಮನ ಕೈಗುಣ, ನನ್ನ ಐಡಿಯಾ, ನಿನ್ನ ಡಿಗ್ರಿ."

"ನನ್ನ ಮುಚ್ಚಳ," ಎಂದರು ನನ್ನ ಗಂಡ.

ನನಗೆ ಮಾತ್ರ ಆ ಅಂಕಿ ನುಂಗಲಾಗಲಿಲ್ಲ. ಬೆಳ್ಳುಳ್ಳಿ, ಅರಿಶಿನ, ಓಮದ ಸಾರಗಳ ಬಗ್ಗೆ ನಾನು ಓದಿದ ಲೇಖನಗಳಲ್ಲಿ ವ್ಯತ್ಯಾಸ ಸಿಕ್ಕರೂ ಸಣ್ಣದು. ಕೆಲವರಿಗೆ ಏನೂ ಸಿಕ್ಕಿರಲಿಲ್ಲ. ವರ್ಷಗಟ್ಟಲೆ ಕೆಲಸ ಮಾಡಿದವರು 'ಬಹುಶಃ', 'ಕೆಲವು ಸಂದರ್ಭಗಳಲ್ಲಿ' ಎಂದೆಲ್ಲ ಅಳುಕುತ್ತ ಬರೆದಿರುವಾಗ ನಮ್ಮ ಕಾರಿನ ಕೋಣೆಯ ಡ್ರಮ್ಮಿನಿಂದ ಅರ್ಧ ಕಿಲೋ ಮಾಂಸ ಹುಟ್ಟಿತ್ತು. ಮೇವನ್ನು ಗುಂಪುವಾರು ತೂಗಿ ಬರೆದಿಡೋಣ ಎಂದು ನಾನು ಮೊದಲೇ ಕೇಳಿದ್ದೆ. "ಕೋಳಿ ತಿನ್ನೋದನ್ನ ಎಣಿಸಬಾರದಮ್ಮ, ದೃಷ್ಟಿ ಆಗುತ್ತೆ," ಎಂದು ಭಾವ ನಕ್ಕು ಮಾತು ಮುಗಿಸಿದ್ದರು. ನಾನೂ ಸುಮ್ಮನಾಗಿದ್ದೆ. ಸುಮ್ಮನಾಗುವುದರಲ್ಲಿ ನನಗೂ ಒಂದು ಡಿಗ್ರಿ ಕೊಡಬಹುದು.

ಭಾವ ತಡಮಾಡಲಿಲ್ಲ. ಹತ್ತು ಶೆಡ್ಡುಗಳಿರುವ ದೊಡ್ಡ ಫಾರ್ಮಿನ ಪಶುವೈದ್ಯೆಗೆ ಫೋನ್ ಮಾಡಿದರು. ಆಕೆ ಒಪ್ಪಿದರೆ ಗರಿಬಲ ಆ ಹತ್ತೂ ಶೆಡ್ಡಿಗೆ ಹೋಗುತ್ತದೆ, ನನ್ನ ಹೆಸರೂ ಅದರ ಜೊತೆಗೆ ಹೋಗುತ್ತದೆ. ನಲವತ್ತನೆಯ ದಿನ ಬೆಳಿಗ್ಗೆ ಬಂದು ನೋಡುವುದಾಗಿ ಆಕೆ ಹೇಳಿದರು.

ಮೂವತ್ತೇಳನೆಯ ದಿನ ಸಂಜೆ, ಯಾರಿಗೂ ಹೇಳದೆ ಶೆಡ್ಡಿಗೆ ಹೋದೆ. ನಾನು ಯಾವಾಗಲೂ ಹೋಗುತ್ತಿದ್ದುದು ಬೆಳಿಗ್ಗೆ, ಅಪರೂಪಕ್ಕೆ ಮಧ್ಯಾಹ್ನ. ಬಿಸಿಲೇರಿದ ಮೇಲೆ ತಿಂದರೆ ಕೋಳಿಗೆ ಸೆಕೆ ಹೆಚ್ಚುತ್ತದೆಂದು ಮಧ್ಯಾಹ್ನ ಮೇವಿನ ತಟ್ಟೆಗಳನ್ನು ಹಗ್ಗ ಎಳೆದು ಮೇಲಕ್ಕೆತ್ತಿರುತ್ತಾರೆ. ಅದು ಎಲ್ಲ ಕಡೆಯೂ ಇರುವ ರೂಢಿ, ಅದನ್ನು ನೋಡಿದ್ದೆ. ಸಂಜೆ ತಂಪಾದ ಮೇಲೆ ಇಳಿಸಬೇಕು. ಬಲಗಡೆ ತಟ್ಟೆಗಳು ಇಳಿದಿದ್ದವು. ಕೋಳಿಗಳು ತಲೆ ಎತ್ತದೆ ತಿನ್ನುತ್ತಿದ್ದವು. ಎಡಗಡೆ ತಟ್ಟೆಗಳು ನನ್ನ ಎದೆಯ ಎತ್ತರಕ್ಕೆ ತೂಗುತ್ತಿದ್ದವು. ಅವುಗಳ ಕೆಳಗೆ ಅರವತ್ತು ಕೋಳಿಗಳು ಕತ್ತೆತ್ತಿ ನಿಂತಿದ್ದವು, ತಡವಾದ ಬಸ್ಸಿಗೆ ಕಾದವರ ಹಾಗೆ.

"ಅಕ್ಕ, ಈ ಕಡೆ ಇಳಿಸೋದು ಮರೆತಿದ್ದೀರಿ."

"ಮರೆತಿಲ್ಲ ಮೇಡಂ." ಅವಳು ಪೊರಕೆ ಗೋಡೆಗೆ ಒರಗಿಸಿದಳು. "ಅವಕ್ಕೆ ಬೆಳಿಗ್ಗೆ ಕೊಟ್ಟಾಗಿದೆ."

"ಸಂಜೆದು?"

"ಸಂಜೆ ಇಲ್ಲ. ಕಂಟ್ರೋಲ್ ಅಲ್ವಾ."

ನನಗೆ ಅರ್ಥವಾಗಲು ಎರಡು ಕ್ಷಣ ಬೇಕಾಯಿತು. ನಂತರವೂ, ಅರ್ಥವಾಗಿಲ್ಲವೆಂದುಕೊಳ್ಳಲು ಪ್ರಯತ್ನಪಟ್ಟೆ.

"ಕಂಟ್ರೋಲ್ ಅಂದ್ರೆ ಏನು ಅಂದ್ಕೊಂಡ್ರಿ ಅಕ್ಕ?"

ಓದಿದವಳು ಇದನ್ನೂ ಕೇಳುತ್ತಾಳಲ್ಲ ಎಂಬಂತೆ ನೋಡಿದಳು. "ನಮ್ಮ ಯಜಮಾನ್ರಿಗೆ ಶುಗರ್ ಇದೆ ಮೇಡಂ. ಡಾಕ್ಟರು ಕಂಟ್ರೋಲ್ ಮಾಡ್ಬೇಕು ಅಂದ್ರು. ಅವತ್ತಿಂದ ಬೆಳಿಗ್ಗೆ ಒಂದು ತಟ್ಟೆ, ರಾತ್ರಿ ಅರ್ಧ ಬಟ್ಟಲು. ಮನುಷ್ಯ ಕತ್ತಿನ ಮೂಳೆ ಕಾಣೋ ಹಾಗಾಗಿದ್ದಾರೆ, ಆದ್ರೆ ಡಾಕ್ಟರು ಖುಷಿಯಾಗಿದ್ದಾರೆ. ನೀವೂ ಕಂಟ್ರೋಲ್ ಅಂದ್ರಿ. ತುಂಬಾ ಮುಖ್ಯ, ತಪ್ಪಬಾರದು ಅಂತನೂ ಅಂದ್ರಿ. ಒಂದು ಸಂಜೆಯೂ ತಪ್ಪಿಸಿಲ್ಲ ಮೇಡಂ. ಪಾಪ, ಕೂಗ್ತಾವೆ. ಒಂದೆರಡು ದಿನ ನನಗೇ ತಡೀಲಿಲ್ಲ. ಆದ್ರೂ ಮನಸ್ಸು ಗಟ್ಟಿ ಮಾಡ್ಕೊಂಡೆ."

ಎಲ್ಲರಿಗೂ ಅರ್ಥವಾಗಲಿ ಎಂದು ಬರೆದ ಪದ. ಎಲ್ಲರಿಗೂ ಅರ್ಥವಾಗಿಯೇ ಇತ್ತು, ಬರೆದವಳೊಬ್ಬಳನ್ನು ಬಿಟ್ಟು.

ನಾನೇ ಹಗ್ಗ ಬಿಚ್ಚಿ ತಟ್ಟೆಗಳನ್ನು ಇಳಿಸಿದೆ. ಅರವತ್ತು ಕೋಳಿಗಳು ಒಮ್ಮೆಲೇ ನುಗ್ಗಿದ ರಭಸಕ್ಕೆ ಎರಡು ಹೆಜ್ಜೆ ಹಿಂದೆ ಸರಿಯಬೇಕಾಯಿತು. ಶೆಡ್ಡಕ್ಕ ನನ್ನನ್ನು ನೋಡಿದ ರೀತಿಯಲ್ಲಿ ಸ್ವಲ್ಪ ನಿರಾಶೆ ಇತ್ತು, ಪಥ್ಯ ಮುರಿದವರನ್ನು ನೋಡುವ ಹಾಗೆ.

ಮನೆಗೆ ಬಂದು ಭಾವನಿಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಅದು ಅವರ ಅಭ್ಯಾಸವಲ್ಲ, ಹಾಗಾಗಿ ನನಗೆ ಆತಂಕವಾಯಿತು.

"ಅಂದ್ರೆ ಆ ಕಡೆಯವು ಹಸಿದವು," ಎಂದರು ಕೊನೆಗೆ. "ಈ ಕಡೆಯವು ಬೆಳೆದವು. ಬೆಳೆದಿದ್ದು ಸುಳ್ಳಾ?"

"ಬೆಳೆದಿದ್ದು ನಿಜ ಭಾವ. ಸಾರದಿಂದ ಬೆಳೆದವು ಅನ್ನೋದು ಸುಳ್ಳು."

"ಸಾರದಿಂದ ಬೆಳೀಲಿಲ್ಲ ಅಂತ ನಿನ್ನ ಹತ್ರ ಪ್ರೂಫ್ ಇದೆಯಾ?"

"ಇಲ್ಲ. ಬೆಳೆದವು ಅನ್ನೋಕೂ ಇಲ್ಲ."

"ಹಾಗಾದ್ರೆ ಫಿಫ್ಟಿ ಫಿಫ್ಟಿ. ಐವತ್ತು ಪರ್ಸೆಂಟ್ ಅಂದ್ರೆ ಪಾಸು ತಾನೇ?"

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. "ನನ್ನ ಕಷಾಯ ಪಾಸೋ ಫೇಲೋ, ಅದನ್ನ ಮೊದಲು ಹೇಳಿ."

"ಪರೀಕ್ಷೆನೇ ಆಗಿಲ್ಲ ಅತ್ತೆ," ಎಂದೆ. "ಒಬ್ಬರಿಗೆ ಊಟ ಕೊಟ್ಟು, ಇನ್ನೊಬ್ಬರಿಗೆ ಅರ್ಧ ಊಟ ಕೊಟ್ಟು, ಯಾರು ದಪ್ಪ ಅಂತ ನೋಡಿದ್ದೀವಿ."

"ಅದಕ್ಕೆ ನಿನ್ನ ಡಿಗ್ರಿ ಬೇಕಿತ್ತಾ?" ಎಂದು ಕೇಳಿ ಅತ್ತೆ ಒಳಗೆ ಹೋದರು. ಆ ವಾರ ನಮ್ಮ ಮನೆಯಲ್ಲಿ ಯಾರಾದರೂ ಕೇಳಿದ ಸರಿಯಾದ ಪ್ರಶ್ನೆ ಅದೊಂದೇ.

ಭಾವ ದನಿ ತಗ್ಗಿಸಿದರು. "ನೋಡಮ್ಮ, ನೀನು ಏನೂ ಸುಳ್ಳು ಹೇಳಬೇಡ. ಡಾಕ್ಟರು ಬಂದಾಗ ತೂಕದ ಪಟ್ಟಿ ಕೊಡು, ಅಷ್ಟೆ. ತೂಕ ನಿಜ ತಾನೇ? ಅವರು ಕೇಳದಿದ್ದನ್ನ ನಾವು ಯಾಕೆ ಹೇಳಬೇಕು? ಕೇಳಿದ್ರೆ, ಶೆಡ್ಡಕ್ಕ ತಪ್ಪು ಮಾಡಿದ್ದಾಳೆ ಅನ್ನೋಣ. ಅವಳನ್ನ ಬಿಡಿಸಿದ್ರೆ ಮುಗೀತು."

ನಾನು ಗಂಡನ ಕಡೆ ನೋಡಿದೆ. ಅವರು ಒಂದು ಮುಚ್ಚಳವನ್ನು ಬಿಗಿ ಮಾಡಿ, ಸಡಿಲಿಸಿ, ಮತ್ತೆ ಬಿಗಿ ಮಾಡಿದರು. "ನನ್ನನ್ನ ಮಧ್ಯ ಎಳೀಬೇಡಿ," ಎಂದರು.

ಮುಂದಿನ ಎರಡು ದಿನ ನಾನು ಒಂದು ವಾಕ್ಯ ತಯಾರಿಸುತ್ತಿದ್ದೆ. ಭಾವನ ಮಾನ ಹೋಗಬಾರದು, ಶೆಡ್ಡಕ್ಕನ ಕೆಲಸ ಹೋಗಬಾರದು, ಸುಳ್ಳಿಗೆ ನನ್ನ ಹೆಸರು ಅಂಟಬಾರದು. ಇಷ್ಟನ್ನೂ ಹೊರಬಲ್ಲ ವಾಕ್ಯ ಎಷ್ಟು ತಿದ್ದಿದರೂ ಸಿಗಲಿಲ್ಲ. 'ಕಾರಣಾಂತರಗಳಿಂದ' ಎಂಬ ಪದದಿಂದ ಶುರುಮಾಡಿದಾಗಲೆಲ್ಲ ಚೆನ್ನಾಗಿ ಹೋಗುತ್ತಿತ್ತು, ಆದರೆ ಕೊನೆಗೆ ಅರ್ಥವೇ ಇರುತ್ತಿರಲಿಲ್ಲ.

ನಲವತ್ತನೆಯ ದಿನ ಪಶುವೈದ್ಯೆ ಬಂದರು. ಗಿಡ್ಡನೆಯ ಹೆಂಗಸು, ಮಂಡಿಯವರೆಗೆ ರಬ್ಬರ್ ಬೂಟು. ಭಾವ ಹೊಸ ಅಂಗಿ ಹಾಕಿದ್ದರು. ಶೆಡ್ಡಿನ ಬಾಗಿಲಿನ ಬಳಿ ಮೇಜು, ಮೇಜಿನ ಮೇಲೆ ಸಾಲಾಗಿ ಬಾಟಲಿಗಳು, ಪ್ರತಿ ಬಾಟಲಿಯ ಹೊಟ್ಟೆಯ ಮೇಲೂ ನನ್ನ ಹೆಸರು. ಆಕೆ ಬಾಟಲಿ ಮುಟ್ಟಲಿಲ್ಲ. ಸೋಂಕು ತಗಲದಿರಲೆಂದು ಬಾಗಿಲಲ್ಲಿ ಹರಡಿದ್ದ ಸುಣ್ಣದ ಪುಡಿಯನ್ನು ಬೂಟಿನಿಂದ ತುಳಿದು ನೇರವಾಗಿ ಒಳಗೆ ಹೋದರು. ಬಲಗಡೆ ನೋಡಿದರು, ಎಡಗಡೆ ನೋಡಿದರು. ಎಡಗಡೆಯಲ್ಲೇ ಹೆಚ್ಚು ಹೊತ್ತು ನಿಂತರು. ಒಂದು ಕೋಳಿ ಹಿಡಿದು ಎದೆಯ ಮೂಳೆ ಮುಟ್ಟಿದರು, ಬಿಟ್ಟರು. ಇನ್ನೊಂದು ಹಿಡಿದರು. ಎಂಟು ಹತ್ತು ಹಿಡಿದರು.

"ವ್ಯತ್ಯಾಸ ಎದ್ದು ಕಾಣ್ತಿದೆ ಅಲ್ವಾ ಡಾಕ್ಟರೇ," ಎಂದರು ಭಾವ. "ಎಲ್ಲಾ ಗರಿಬಲದ ಮಹಿಮೆ. ಪ್ಯೂರ್ ನ್ಯಾಚುರಲ್."

ಆಕೆ ತೂಕದ ಪಟ್ಟಿ ಕೇಳಿ ನನ್ನಿಂದ ತೆಗೆದುಕೊಂಡರು. ಬೆರಳಿಟ್ಟು ಓದಿದರು. ಆಮೇಲೆ ಬೋರ್ಡ್ ನೋಡಿದರು. ಆಮೇಲೆ ನನ್ನನ್ನು.

"ಕಂಟ್ರೋಲ್ ಹೇಗೆ ಮಾಡಿದ್ರಿ?"

ಪ್ರಶ್ನೆ ನನಗೆ. ಆದರೆ ಉತ್ತರ ಗೊತ್ತಿದ್ದದ್ದು ಶೆಡ್ಡಕ್ಕನಿಗೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಒಂದು ಹೆಜ್ಜೆ ಮುಂದೆ ಬಂದಳು. ಮುಖದಲ್ಲಿ ಹೆಮ್ಮೆ. ಭಾವ ಅವಳ ಕಡೆ ನೋಡಿದರು. ಅವರ ತುಟಿಯ ಮೇಲೆ 'ಇವಳದೇ ತಪ್ಪು' ಎಂಬ ಮಾತು ಸಿದ್ಧವಾಗಿ ಕೂತಿರುವುದು ನನಗೆ ಕಂಡಿತು. ಎರಡು ದಿನ ತಿದ್ದಿದ ವಾಕ್ಯ ತಲೆಯಲ್ಲಿ ಇರಲಿಲ್ಲ.

"ಊಟ ಕೊಡದೆ ಮಾಡಿದ್ವಿ," ಎಂದೆ.

ಶೆಡ್ಡಕ್ಕ ಹೌದೆಂದು ತಲೆಯಾಡಿಸಿದಳು.

"ಆ ಬೋರ್ಡ್ ಬರೆದವಳು ನಾನು," ಎಂದು ಮುಂದುವರಿಸಿದೆ. ಒಮ್ಮೆ ಶುರುವಾದ ಮೇಲೆ ನಿಲ್ಲಿಸುವುದು ಕಷ್ಟವಾಯಿತು. "ಕಂಟ್ರೋಲ್ ಅಂದ್ರೆ ಏನು ಅಂತ ಹೇಳಲಿಲ್ಲ. ತಪ್ಪಬಾರದು ಅಂತ ಮಾತ್ರ ಹೇಳಿದೆ. ಈ ಅಕ್ಕ ತಪ್ಪಲಿಲ್ಲ. ಒಂದು ತಿಂಗಳು ಸಂಜೆ ಮೇವು ಇಳಿಸಲಿಲ್ಲ. ಮೂರು ದಿನದ ಹಿಂದೆ ನನಗೆ ಗೊತ್ತಾಯ್ತು. ಹಾಗಾಗಿ ಈ ಪಟ್ಟಿಯಿಂದ ಗೊತ್ತಾಗೋದು ಒಂದೇ. ಹೊಟ್ಟೆ ತುಂಬಾ ತಿಂದ ಕೋಳಿ ಹೆಚ್ಚು ತೂಗುತ್ತೆ."

"ನಮ್ಮ ಹುಡುಗಿಗೆ ವಿನಯ ಜಾಸ್ತಿ," ಎಂದರು ಭಾವ.

ಪಶುವೈದ್ಯೆ ನಗಲಿಲ್ಲ. ಪಟ್ಟಿಯ ಎಡಗಡೆಯ ಸಾಲಿನ ಮೇಲೆ ಮತ್ತೆ ಬೆರಳಾಡಿಸಿದರು. "ಒಂದೂ ಸತ್ತಿಲ್ಲವಾ?"

"ಇಲ್ಲ ಮೇಡಂ," ಎಂದಳು ಶೆಡ್ಡಕ್ಕ. "ಸಾಯೋಕೆ ಬಿಡ್ತೀನಾ? ಬೆಳಿಗ್ಗೆ ಬಡಕಲು ಕೋಳಿಗಳನ್ನ ಮೊದಲು ತಟ್ಟೆ ಹತ್ರ ಬಿಡ್ತಿದ್ದೆ. ಅವು ತಿಂದ ಮೇಲೆ ಜೋರಿನವು. ಇಲ್ಲಾಂದ್ರೆ ಜೋರಿನವೇ ಎಲ್ಲ ಮುಗಿಸ್ತಾವೆ."

"ದಿನಾ?"

"ದಿನಾ."

ಆಕೆ ಪಟ್ಟಿಯನ್ನು ಭಾವನ ಕಡೆ ತಿರುಗಿಸಿದರು. "ಇದನ್ನ ನೋಡಿದ್ರಾ? ಅರ್ಧ ಹೊಟ್ಟೇಲಿ ಸಾಕಿದ ಅರವತ್ತು ಕೋಳಿ, ಹೆಚ್ಚುಕಡಿಮೆ ಎಲ್ಲಾ ಒಂದೇ ತೂಕ. ಹೊಟ್ಟೆ ತುಂಬಾ ಹಾಕಿಯೂ ನಮ್ಮ ಹತ್ತು ಶೆಡ್ಡಲ್ಲಿ ಹೀಗೆ ಸಮ ಬರಲ್ಲ. ಹೇಳಿದ್ದನ್ನ ಹೇಳಿದ ಹಾಗೆ ಮಾಡೋರು ನಮ್ಮಲ್ಲಿ ಒಬ್ಬರೂ ಇಲ್ಲ."

"ಅದೂ ಗರಿಬಲದ..." ಎಂದು ಭಾವ ಶುರುಮಾಡಿದರು. ಆ ಕಡೆಯವಕ್ಕೆ ಗರಿಬಲ ಹಾಕಿಯೇ ಇರಲಿಲ್ಲ ಎಂಬುದು ಅವರಿಗೂ ನೆನಪಾಗಿ ಅಲ್ಲೇ ನಿಲ್ಲಿಸಿದರು.

ಪಶುವೈದ್ಯೆ ಒಂದು ಬಾಟಲಿಯನ್ನೂ ಒಯ್ಯಲಿಲ್ಲ. ಮುಂದಿನ ಸೋಮವಾರದಿಂದ ಶೆಡ್ಡಕ್ಕನನ್ನು ತಮ್ಮ ಫಾರ್ಮಿಗೆ ಕರೆದರು. ಹೊರಡುವಾಗ ನನಗೆ ಹೇಳಿದ್ದು ಇಷ್ಟೇ. "ಸಾರ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಸರಿಯಾಗಿ ಇನ್ನೊಂದ್ಸಲ ಮಾಡಿ ನೋಡಿ. ಬೋರ್ಡ್ ಬೇರೆ ಯಾರಾದ್ರೂ ಬರೀಲಿ."

ಭಾವ ನನ್ನೊಡನೆ ನಾಲ್ಕು ದಿನ ಮಾತಾಡಲಿಲ್ಲ. ಐದನೆಯ ದಿನ ಬಾಟಲಿಗಳಿಂದ ಕಿತ್ತವನ್ನೂ ಸೇರಿಸಿ ಊಟದ ಮೇಜಿನ ಮೇಲೆ ಐನೂರು ಲೇಬಲ್‌ಗಳ ಕಟ್ಟು ತಂದಿಟ್ಟರು. "ನಿನ್ನ ಹೆಸರು ನಿನಗೇ ಇರಲಿ. ನೀನೇ ಕತ್ತರಿಸಿಕೋ."

ಕತ್ತರಿ ಹಿಡಿದು ಕೂತೆ. ಹೆಸರು ಕೊನೆಯ ಸಾಲಿನಲ್ಲಿದ್ದುದರಿಂದ ಕೆಳಗಿನ ಅಂಚನ್ನು ಸವರಿದರೆ ಸಾಕಿತ್ತು. ಅತ್ತೆ ತಮ್ಮ ಹೊಲಿಗೆಯ ಕತ್ತರಿ ತಂದು ಎದುರಿಗೆ ಕೂತರು. ಕತ್ತರಿಸಿದ ಪಟ್ಟಿಗಳು ಮೇಜಿನ ಮೇಲೆ ರಾಶಿಯಾದವು. ಸರಿಯಾಗಿ ಅಚ್ಚಾದ ನನ್ನ ಹೆಸರು, ಒಂದಕ್ಷರವೂ ತಪ್ಪಿಲ್ಲದೆ, ನಾನೂರ ಐವತ್ತು ಸಲ. ಉಳಿದ ಐವತ್ತನ್ನು ಅತ್ತೆ ಓರೆಯಾಗಿ ಕತ್ತರಿಸಿದ್ದರು. ಅವುಗಳಲ್ಲಿ ನಾನು ಅರ್ಧ ಮಾತ್ರ ಇದ್ದೆ.

"ನನ್ನ ಕಷಾಯದಿಂದ ಯಾವ ಕೋಳಿಗೂ ಏನೂ ಆಗಿಲ್ಲ ತಾನೇ?" ಎಂದು ಅತ್ತೆ ಕೇಳಿದರು.

"ಏನೂ ಆಗಿಲ್ಲ ಅತ್ತೆ."

"ಒಳ್ಳೇದೂ ಆಗಿಲ್ಲ?"

"ಗೊತ್ತಿಲ್ಲ."

"ಗೊತ್ತಿಲ್ಲ ಅನ್ನೋದನ್ನ ಬಾಟಲಿ ಮೇಲೆ ಬರೆಯೋಕಾಗಲ್ಲ ಅಲ್ವಾ," ಎಂದು ಅತ್ತೆ ಇನ್ನೊಂದು ಲೇಬಲ್ ತೆಗೆದುಕೊಂಡರು. "ಇವನು ಖಾಲಿ ಬಿಡೋನಲ್ಲ. ನೋಡ್ತಿರು."

ಅತ್ತೆಯ ಮಾತು ಸುಳ್ಳಾಗಲಿಲ್ಲ. ತಿಂಗಳೊಳಗೆ ಗರಿಬಲ ಮೂರು ಅಂಗಡಿಗಳಲ್ಲಿತ್ತು. ಮೇವು ಮಾರುವ ಅಂಗಡಿಯೊಂದರ ಮುಂದೆ ಹಾದುಹೋಗುವಾಗ ಒಂದು ಬಾಟಲಿ ಕೈಗೆತ್ತಿಕೊಂಡು, ಅಕ್ಷರ ತಪ್ಪು ಹುಡುಕುವ ನನ್ನ ಅಭ್ಯಾಸದಂತೆ ಮೂರು ಸಲ ಓದಿದೆ. ನನ್ನ ಹೆಸರು ಇರಲಿಲ್ಲ. ಅದು ಇದ್ದ ಜಾಗದಲ್ಲಿ, ಕತ್ತರಿಸಿದ ಅಂಚು ಮುಚ್ಚುವಂತೆ, ಹಸಿರು ಬಣ್ಣದ ಹೊಸ ಚೀಟಿಯೊಂದನ್ನು ಅಂಟಿಸಿದ್ದರು. 'ತಜ್ಞರಿಂದ ಕಟ್ಟುನಿಟ್ಟಾದ ಕ್ವಾಲಿಟಿ ಕಂಟ್ರೋಲ್ ಮಾಡಲಾಗಿದೆ.'

ಅಂಗಡಿಯವನು ಗಲ್ಲಾದ ಹಿಂದಿನಿಂದಲೇ ಕೇಳಿದ, "ಬೇಕಾ ಅಮ್ಮ? ಒಳ್ಳೇ ಮಾಲು. ಕಂಟ್ರೋಲ್ ಎಲ್ಲ ಮಾಡಿದ್ದಾರೆ."

"ಗೊತ್ತು," ಎಂದು ಬಾಟಲಿಯನ್ನು ಅದರ ಜಾಗದಲ್ಲಿಟ್ಟೆ. ಮುಚ್ಚಳ ಮಾತ್ರ ಬಹಳ ಬಿಗಿಯಾಗಿತ್ತು.